ಪಾದಪಾರ್ಶ್ವ ಮೀಮಾಂಸೆ: ಕಿರುಬೆರಳ ಕಡೆಯ ಅಂಚಿನ ಪರಮಪ್ರಯೋಜನ ವಿಚಾರ

ವಿಷಯ: ಹಿಮ್ಮಡಿಯಿಂದ ಹೊರಟು ಕಿರುಬೆರಳ ತುದಿ ಮುಟ್ಟುವ ಪಾದದ ಹೊರ ಅಂಚು. ಪಾದದ 26 ಮೂಳೆಗಳಲ್ಲಿ ಈ ಓಣಿಯ ನಿವಾಸಿಗಳು ಹಿಮ್ಮಡಿ ಮೂಳೆ, ಅದರ ಮುಂದೆ ಘನಾಕಾರದ ಕ್ಯೂಬಾಯ್ಡ್, ಅದಕ್ಕೆ ಆತುಕೊಂಡ ಐದನೆಯ ಮೆಟಟಾರ್ಸಲ್, ಕೊನೆಗೆ ಕಿರುಬೆರಳಿನ ಮೂರು ಪುಟ್ಟ ಮೂಳೆಗಳು. ಅನೇಕರಲ್ಲಿ ತುದಿಯ ಎರಡು ಬೆಸೆದುಕೊಂಡು ಲೆಕ್ಕ ಎರಡಕ್ಕೇ ಇಳಿದಿರುತ್ತದೆ. ನೋವಿನಲ್ಲಿ ಮಾತ್ರ ಇಂಥ ರಿಯಾಯಿತಿ ಇಲ್ಲ.

ಸಂಶಯ: ಈ ಅಂಚು ಇರುವುದು ಮೈಭಾರ ಹೊರಲಿಕ್ಕೋ, ಕತ್ತಲಲ್ಲಿ ಮಂಚದ ಕಾಲನ್ನು ಪತ್ತೆಹಚ್ಚಲಿಕ್ಕೋ?

ಪೂರ್ವಪಕ್ಷ: ಭಾರ ಹೊರಲಿಕ್ಕೇ ಎನ್ನುತ್ತಾರೆ ಅಂಗರಚನಾ ಶಾಸ್ತ್ರಿಗಳು. ಬಚ್ಚಲಿನಿಂದ ಬಂದವರ ಒದ್ದೆ ಹೆಜ್ಜೆಯೇ ಸಾಕ್ಷಿ. ಒಳಬದಿಯ ಕಮಾನು ಎತ್ತರವಾದ್ದರಿಂದ ಅಲ್ಲಿ ನೆಲ ಒಣಗಿಯೇ ಇರುತ್ತದೆ. ಹಿಮ್ಮಡಿಯ ಗುರುತನ್ನು ಬೆರಳ ಬುಡದ ಗುರುತಿಗೆ ಕೂಡಿಸುವುದು ತಗ್ಗಾದ ಹೊರ ಅಂಚು. ನಡೆವಾಗ ಭಾರವೂ ಹಿಮ್ಮಡಿಯಿಂದ ಇದರಗುಂಟ ಸಾಗಿ ಹೆಬ್ಬೆರಳ ಕಡೆ ತಿರುಗುತ್ತದೆ. ಐದನೆಯ ಮೆಟಟಾರ್ಸಲ್‌ನ ಬುಡದಲ್ಲಿ ಕೈಗೆ ಸಿಗುವ ಗುಬುಟಿಗೆ ಪೆರೋನಿಯಸ್ ಬ್ರೆವಿಸ್ ಎಂಬ ಸ್ನಾಯು ಬಿಗಿದುಕೊಂಡು, ಪಾದ ಒಳಮಗ್ಗುಲಿಗೆ ಮಗುಚದಂತೆ ಹಿಡಿದೆಳೆಯುತ್ತದೆ. ಇಷ್ಟೆಲ್ಲ ಏರ್ಪಾಡು ಮಂಚಕ್ಕಾಗಿಯೇ? ಅಲ್ಲದೆ, ಲಿವರ್‌ಪೂಲಿನ ಶಸ್ತ್ರವೈದ್ಯ ರಾಬರ್ಟ್ ಜೋನ್ಸ್ ಇದೇ ಮೂಳೆಯನ್ನು ಕುಣಿಯುತ್ತ ಮುರಿದುಕೊಂಡು, 1902ರಲ್ಲಿ ಅದರ ಮೇಲೆ ಲೇಖನವನ್ನೇ ಬರೆದರು. ಅಲ್ಲಿ ಮಂಚ ಎಲ್ಲಿತ್ತು?

ಸಿದ್ಧಾಂತ: ಹಾಗಲ್ಲ. ಭಾರ ಹೊರುವುದು ಹಿಮ್ಮಡಿಗೂ ಹೆಬ್ಬೆರಳಿಗೂ ಉಂಟು. ಸಾಮಾನ್ಯ ಧರ್ಮದಿಂದ ವಿಶೇಷ ಪ್ರಯೋಜನ ಸಿದ್ಧಿಸದು. ಮಂಚದ ಕಾಲು ಉಳಿದ ನಾಲ್ಕನ್ನು ಬಿಟ್ಟು ಕಿರುಬೆರಳನ್ನೇ ವರಿಸುತ್ತದೆಂಬುದಾದರೋ ಸರ್ವಾನುಭವಸಿದ್ಧ. ದೀಪದ ಬೆಳಕಲ್ಲಿ ಕಂಡ ಮಂಚ ಬರೀ ತೋರಿಕೆ. ಅಂಚು ತಾಗಿದಾಗಲೇ ಅದು ಪ್ರತ್ಯಕ್ಷ. ಒಡನೆಯೇ ಹೊರಡುವ ಶಬ್ದ, ಮಲಗಿದ್ದ ಮನೆಮಂದಿಗೂ ಪ್ರಮಾಣ. ಜೋನ್ಸರ ಪ್ರಸಂಗ ನಮ್ಮ ಪಕ್ಷವನ್ನೇ ಪೋಷಿಸುತ್ತದೆ: ತಾಗಲು ಏನೂ ಸಿಗದಾಗ ಅಂಚು ತಾನಾಗಿ ಮುರಿದು ಕರ್ತವ್ಯ ಪೂರೈಸಿತು. ಕೂತವರನ್ನಾದರೂ ಅದು ಬಿಟ್ಟೀತೇ ಎಂದರೆ, ಅದೂ ಇಲ್ಲ. ಚಕ್ಕಳಮಕ್ಕಳ ಹಾಕಿ ಹೊಲಿಯುತ್ತಿದ್ದ ದರ್ಜಿಗಳ ಪಾದದ ಈ ಅಂಚು ನೆಲಕ್ಕೆ ಒತ್ತಿ ಒತ್ತಿ ಕಿರುಬೆರಳ ಬುಡ ಊದುತ್ತಿತ್ತು. ಪಾಶ್ಚಾತ್ಯ ವೈದ್ಯರು ಆ ಗಂಟಿಗೆ ದರ್ಜಿಗಳ ಹೆಸರನ್ನೇ ಇಟ್ಟಿದ್ದಾರೆ.

ಫಲಶ್ರುತಿ: ಈ ಪ್ರಕರಣವನ್ನು ನಿತ್ಯ ಪಠಿಸುವವರಿಗೆ ಪೆಟ್ಟು ತಪ್ಪುವುದಿಲ್ಲ. ಆದರೆ ಪೆಟ್ಟು ತಿಂದ ಮೂಳೆಯ ಹೆಸರನ್ನು ಸರಿಯಾಗಿ ಉಚ್ಚರಿಸುತ್ತ ಕುಂಟುವ ಯೋಗ್ಯತೆ ಲಭಿಸುತ್ತದೆ.