ಕಂಪ್ರೆಸರ್ ಪಂಡಿತರು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಕಾರಿನ ಬಾನೆಟ್ಟು ಎಲ್ಲಿ ತೆರೆದುಕೊಂಡರೂ ಅದರೊಳಗೆ ಮೊದಲು ಇಣುಕುವ ತಲೆ ಮೆಕ್ಯಾನಿಕ್‌ನದಲ್ಲ; ಅದು, ಅಡಿಕೆ ತೋಟವನ್ನೂ ಹಳೆಯ ಡೀಸೆಲ್ ಜೀಪಿನ ಅನುಭವವನ್ನೂ ಒಟ್ಟಿಗೆ ಪಡೆದಿರುವ, ಎ.ಸಿ. ತಣ್ಣಗಾಗುತ್ತಿಲ್ಲವೆಂಬ ದೂರು ಮುಗಿಯುವ ಮೊದಲೇ "ಕಂಪ್ರೆಸರ್ ಹೋಯ್ತು ಮಾರಾಯ್ರೆ" ಎಂದು ತೀರ್ಪು ಕೊಡಬಲ್ಲ ಪಂಡಿತರದು.

ಈ ಪಾಂಡಿತ್ಯ ಇಲ್ಲಿ ಬೆಳೆದದ್ದೇ ಸೋಜಿಗ, ಏಕೆಂದರೆ ಈ ಸೀಮೆಯಲ್ಲಿ ಎ.ಸಿ. ಹೆಚ್ಚಾಗಿ ಬೇಕಾಗುವುದು ಮಳೆಗಾಲದಲ್ಲಿ ಗಾಜಿಗೆ ಕೂತ ಮಬ್ಬನ್ನು ಬಿಡಿಸಲಿಕ್ಕೆ. ಆ ಕೆಲಸವನ್ನೂ ಪಂಡಿತರು, ಮೈಲೇಜ್ ಉಳಿಸುವ ಸಲುವಾಗಿ, ಹಳೆಯ ಬನಿಯನ್ನಿನಿಂದಲೇ ಪೂರೈಸುತ್ತಾರೆ. ತಿಂಗಳುಗಟ್ಟಲೆ ತಿರುಗದ ಕಂಪ್ರೆಸರಿನಲ್ಲಿ ಎಣ್ಣೆ ಹರಿದಾಡದೆ ಸೀಲು ಒಣಗಿ ಗ್ಯಾಸ್ ಸೋರುತ್ತದೆ, ಮತ್ತು ಸೋರಿದ ಸಂಗತಿ ಬೆಳಕಿಗೆ ಬರುವುದು ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿದು ಸೋಮೇಶ್ವರದ ಸೆಕೆಯನ್ನು ಹೊಕ್ಕು, ರೇಷ್ಮೆ ಸೀರೆಯುಟ್ಟು ಉಡುಪಿಯ ಮದುವೆಗೆ ಹೊರಟ ಹೆಂಡತಿ ಮಾತು ನಿಲ್ಲಿಸಿದ ಮೇಲೆ.

ಕಂಪ್ರೆಸರ್ ಎಂದರೆ ಎಂಜಿನ್ನಿನ ಬೆಲ್ಟಿನ ಬಲದಿಂದ ತಿರುಗುತ್ತ, ತಂಪು ಮಾಡುವ ಗ್ಯಾಸನ್ನು ಒತ್ತಿ ಕಂಡೆನ್ಸರಿಗೆ ದೂಡುವ ಪಂಪು. ಅದರ ಮುಂದಿರುವ ವಿದ್ಯುತ್ಕಾಂತದ ಕ್ಲಚ್ಚು, ಸ್ವಿಚ್ ಒತ್ತಿದಾಗ 'ಟಕ್' ಎಂದು ಕಚ್ಚಿಕೊಂಡು, ಅದುವರೆಗೆ ಬರಿದೇ ಸುತ್ತುತ್ತಿದ್ದ ಪುಲ್ಲಿಗೆ ಪಂಪನ್ನು ಜೋಡಿಸುತ್ತದೆ. ಶಾರದಾಪೀಠದ ಸೀಮೆಯವರಾದ ಪಂಡಿತರು ಒಪ್ಪುವುದು ಶಬ್ದಪ್ರಮಾಣವೊಂದನ್ನೇ, ಅಂದರೆ ಈ ಟಕ್ಕನ್ನು: ಕೇಳಿಸದಿದ್ದರೆ ಕಂಪ್ರೆಸರ್ ಸತ್ತಿದೆ, ಕೇಳಿಸಿದರೆ ಸಾಯುತ್ತಿದೆ.

ಟಕ್ ಬಾರದಿರಲು ಸುಟ್ಟ ಫ್ಯೂಸು, ಕೆಟ್ಟ ರಿಲೇ, ಅಥವಾ ಗ್ಯಾಸ್ ಕಡಿಮೆಯಾದಾಗ ಕ್ಲಚ್ಚಿಗೆ ಕರೆಂಟು ಹೋಗದಂತೆ ತಡೆಯುವ ಪ್ರೆಶರ್ ಸ್ವಿಚ್ಚು ಕಾರಣವಾಗಿರಬಹುದೆಂದು ಬಲ್ಲ ಎ.ಸಿ. ಮೆಕ್ಯಾನಿಕ್, ಮಲ್ಟಿಮೀಟರ್ ಹಿಡಿದು ಅವನ್ನೆಲ್ಲ ನೋಡಿದ ಮೇಲೆ, ಕಡಿಮೆ ಒತ್ತಡದ ಕೊಳವೆಗೆ ನೀಲಿ ಗೇಜನ್ನೂ ಹೆಚ್ಚು ಒತ್ತಡದ ಕೊಳವೆಗೆ ಕೆಂಪು ಗೇಜನ್ನೂ ಜೋಡಿಸುತ್ತಾನೆ. ನಿಂತ ಕಾರಿನಲ್ಲಿ ಎರಡೂ ಮುಳ್ಳುಗಳು ಒಂದೇ ಅಂಕಿ ತೋರಿಸುವುದು ಸಹಜ. ಆರ್-134ಎ ಗ್ಯಾಸಿನಲ್ಲಿ, 30 ಡಿಗ್ರಿ ಸೆಲ್ಸಿಯಸ್ ಬಿಸಿಗೆ, ಅದು ಚದರ ಅಂಗುಲಕ್ಕೆ 95 ಪೌಂಡಿನ ಆಸುಪಾಸು. ಎ.ಸಿ. ಓಡಿದಾಗ ನೀಲಿ ಇಳಿಯಬೇಕು, ಕೆಂಪು ಏರಬೇಕು. ಇದು ಇಳಿಯದೆ ಅದು ಏರದೆ ಉಳಿದರೆ, ಆಗ ಕಂಪ್ರೆಸರನ್ನು ಅನುಮಾನಿಸಲು ಆಧಾರವುಂಟು. "ನೋಡಿ, ಎರಡೂ ಒಂದೇ ಕಡೆ ನಿಂತಿದೆ, ನಾನು ಹೇಳಲಿಲ್ವಾ?" ಎಂದು ಪಂಡಿತರು ಸುತ್ತಲಿನವರ ಮುಖ ನೋಡುತ್ತಾರೆ. "ಇನ್ನೂ ಸ್ಟಾರ್ಟೇ ಮಾಡಿಲ್ಲ ಅಣ್ಣಾ" ಎಂದು ಮೆಕ್ಯಾನಿಕ್ ಹೇಳುವುದು ಅವರ ಕಿವಿಗೆ ಬೀಳುವುದಿಲ್ಲ. ಟಕ್ ಬಿಟ್ಟು ಬೇರೆ ಶಬ್ದಗಳ ವಿಷಯದಲ್ಲಿ ಆ ಕಿವಿ ಅಷ್ಟೊಂದು ಚುರುಕಲ್ಲ.

ಇಂಥ ಪಂಡಿತರ ಎದುರಿಗೇ ಒಂದು ಕಂಪ್ರೆಸರ್ ಒಳಗೊಳಗೇ ಜಾಮಾಗಿ, ಕ್ಲಚ್ಚು ಕಚ್ಚಿದೊಡನೆ ಬೆಲ್ಟು ಕಿರುಚಿ, ರಬ್ಬರಿನ ಹೊಗೆ ಬಾನೆಟ್ಟಿನಡಿಯಿಂದ ಏಳುವುದೂ ಉಂಟು. ಆಗ ಅವರು ಮೂಗರಳಿಸಿ, "ಅದು ಹೊಸ ಬೆಲ್ಟಿನ ವಾಸನೆ, ಎಂಥ ಆಗುದಿಲ್ಲ, ಆರಾಮಾಗಿ ಮಂಗಳೂರಿಗೆ ಹೋಗಿ ಬನ್ನಿ" ಎಂದು ಧೈರ್ಯ ಹೇಳುತ್ತಾರೆ.