ಮೂರು ಕೂಡಿಸು ಮೂರು ಐದು: ಸಂಯುಕ್ತ ಕಾನೂನು ಪದವಿಯ ಗಣಿತ ಮೀಮಾಂಸೆ

ಮೂರಕ್ಕೆ ಮೂರು ಕೂಡಿಸಿದರೆ ಆರು ಎಂಬುದು ಶಾಲಾ ಮಾಸ್ತರರ ಮತ. ಕಾನೂನು ಪಂಡಿತರಿಗೆ ಇದು ಸಮ್ಮತವಲ್ಲ. ಮೂರು ವರ್ಷದ ಬಿಎ, ಮೂರು ವರ್ಷದ ಎಲ್‌ಎಲ್‌ಬಿ, ಕೂಡಿಸಿದರೆ ಐದು. 1986ರ ಕರ್ನಾಟಕ ಶಾಸನದಿಂದ ಹುಟ್ಟಿ, ಮಾಧವ ಮೆನನ್ನರು ಕಟ್ಟಿ ನಿಲ್ಲಿಸಿದ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲು 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡು ಈ ಪ್ರಮೇಯಕ್ಕೆ ಪ್ರತಿಷ್ಠೆ ತಂದಿತು. ಅದೇ ಶಾಲೆ 2022ರಲ್ಲಿ ಪದವೀಧರರಿಗೆ ಮೂರು ವರ್ಷದ ಎಲ್‌ಎಲ್‌ಬಿಯನ್ನೂ ತೆರೆದು ಆರರ ಪಕ್ಷದವರಿಗೂ ಚಾಪೆ ಹಾಸಿದೆ. ಅದಿರಲಿ. ಮಿಕ್ಕ ಆ ಒಂದು ವರ್ಷ ಎಲ್ಲಿಗೆ ಹೋಗುತ್ತದೆ ಎಂಬುದಷ್ಟೇ ನಮ್ಮ ಜಿಜ್ಞಾಸೆ.

ಪೂರ್ವಪಕ್ಷಿ, ಪಿಯುಸಿ ಮುಗಿಸಿದ ಮಗನ ತಂದೆ. "ಒಂದು ವರ್ಷದ ಹಾಸ್ಟೆಲ್ ಖರ್ಚು ಉಳೀತಲ್ಲ ಸ್ವಾಮಿ" ಎಂಬುದು ಅವರ ವಾದ. ಇದಕ್ಕೆ ಪ್ರಥಮ ಖಂಡನೆ ಕ್ಲ್ಯಾಟ್ ಎಂಬ ಪ್ರವೇಶ ಪರೀಕ್ಷೆ: ಎರಡು ಗಂಟೆ, 120 ಪ್ರಶ್ನೆ, ತಪ್ಪಿಗೊಂದು ಕಾಲು ಅಂಕ ಕಡಿತ. ರ್‍ಯಾಂಕ್ ಬಾರದವರಲ್ಲಿ ಹಲವರು ಒಂದು ವರ್ಷ ಡ್ರಾಪ್ ತೆಗೆದುಕೊಂಡು ಕೋಚಿಂಗಿಗೆ ಕೂರುತ್ತಾರೆ. ಒಂದು ವರ್ಷ ಉಳಿಸಲೆಂದು ಒಂದು ವರ್ಷ ಕಳೆಯುವ ಈ ಕ್ರಿಯೆಯನ್ನು ಲೆಕ್ಕಪರಿಶೋಧಕರು ಇನ್ನೂ ಆಕ್ಷೇಪಿಸಿದಂತಿಲ್ಲ.

ಈಗ ಪ್ರಮೇಯದ ಅತಿ ಸೂಕ್ಷ್ಮ ಭಾಗ. ಬಾರ್ ಕೌನ್ಸಿಲ್ಲಿನ 2008ರ ನಿಯಮಗಳ ಪ್ರಕಾರ ಸಂಯುಕ್ತ ಕೋರ್ಸು ತಡೆರಹಿತ ಬಸ್ಸು. ನಡುವೆ ಹತ್ತುವಂತಿಲ್ಲ, ಬಿಎ ಬಂತೆಂದು ಇಳಿಯುವಂತಿಲ್ಲ. ಮೂರನೇ ವರ್ಷ ಮುಗಿಸಿದವನನ್ನು ಮದುವೆಮನೆ ಪಂಕ್ತಿಯಲ್ಲಿ ವಿಚಾರಣೆಗೆ ಒಳಪಡಿಸಿದಾಗ ದಾಖಲಾದ ಸಾಕ್ಷ್ಯ ಹೀಗಿದೆ:

"ಡಿಗ್ರಿ ಆಯ್ತೇನೋ?"

"ಬಿಎ ಪಾಠ ಎಲ್ಲಾ ಆಯ್ತು ದೊಡ್ಡಮ್ಮ. ಸರ್ಟಿಫಿಕೇಟ್ ಕೊಡಲ್ಲ."

"ಯಾಕೋ, ಫೀಸು ಕಟ್ಟಿಲ್ವಾ?"

ಹುಡುಗ ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡ. ಮೌನವನ್ನು ತಪ್ಪೊಪ್ಪಿಗೆಯೆಂದು ಪರಿಗಣಿಸಲಾಯಿತು.

ಐದೂ ಹೆಚ್ಚು, ಪಿಯುಸಿ ಮೇಲೆ ಮೂರೇ ವರ್ಷ ಸಾಕೆಂಬ ತೀವ್ರಪಂಥವೂ ಉಂಟು. 2024ರ ಏಪ್ರಿಲ್‌ನಲ್ಲಿ ಅದರ ಅರ್ಜಿಯನ್ನು ಸುಪ್ರೀಂ ಕೋರ್ಟ್ ವಿಚಾರಣೆಗೇ ಎತ್ತಿಕೊಳ್ಳಲಿಲ್ಲ. ಪದವಿ ಕೈಗೆ ಬಂದೊಡನೆ ನ್ಯಾಯಪೀಠವೇರುವ ಕನಸಿಗೂ ಅದೇ ಕೋರ್ಟು 2025ರ ಮೇನಲ್ಲಿ ಬ್ರೇಕ್ ಹಾಕಿತು: ಸಿವಿಲ್ ನ್ಯಾಯಾಧೀಶರಾಗಲು ಮೊದಲು ಮೂರು ವರ್ಷ ವಕೀಲಿಕೆ ಮಾಡಿರಬೇಕು. ಕೂಡಿಸುವಾಗ ಒಂದು ವರ್ಷ ನುಂಗಿದ ಗಣಿತ ಇಲ್ಲಿ ಮೂರನ್ನು ಕಕ್ಕುತ್ತದೆ.

ಇನ್ನು ಸಿದ್ಧಾಂತ. ಐದೇ ವರ್ಷದಲ್ಲಿ ಓದು ಮುಗಿಸಿ, ಅಖಿಲ ಭಾರತ ಬಾರ್ ಪರೀಕ್ಷೆಯನ್ನೂ ದಾಟಿ, ಬೇಸಿಗೆಯಲ್ಲಿ ಕರಿಕೋಟು ತೊಟ್ಟು ಓಡಿಬಂದ ತರುಣನಿಗೆ ಸೀನಿಯರ್ ಮೊದಲ ಕೆಲಸ ಒಪ್ಪಿಸುತ್ತಾರೆ: "ಹದಿನೆಂಟನೇ ಹಾಲಿಗೆ ಹೋಗಿ ಒಂದು ವಾಯಿದೆ ತಗೊಂಡ್ ಬಾರಪ್ಪ."

"ಕಾರಣ ಏನು ಹೇಳಲಿ ಸರ್?"

"ಸೀನಿಯರ್ ಇನ್ನೊಂದು ಕೋರ್ಟಲ್ಲಿದಾರೆ ಅನ್ನು."

ವಿದ್ಯಾರ್ಥಿ ಉಳಿಸಿದ ವರ್ಷ ಇಲ್ಲಿ ಪತ್ತೆಯಾಗುತ್ತದೆ. ಅದು ನಾಶವಾಗಿಲ್ಲ; ಆರಾರು ವಾರದ ಕಂತಿನಲ್ಲಿ ಕಕ್ಷಿದಾರನ ಖಾತೆಗೆ ಖರ್ಚು ಬೀಳುತ್ತಿದೆ. ಹಾಲಿನ ಹೊರಗೆ ಬೆಂಚಿನ ಮೇಲೆ ಕುಳಿತ ಆತ ಎದ್ದು ನಿಂತು ಕೇಳುತ್ತಾನೆ: "ಏನಾಯ್ತು ಸಾರ್?"

"ಮುಂದಿನ ತಿಂಗಳು ಹನ್ನೆರಡಕ್ಕೆ ಬನ್ನಿ. ಬೆಳಗ್ಗೆ ಬೇಗ ಬನ್ನಿ."