ಹದಿನಾರಾಣೆ ಲೆಕ್ಕ

ನಮ್ಮೂರು ಮೆಣಸೆಯಲ್ಲಿ ಅಡಕೆ ತೋಟದ ಪಾಲಿನ ಮಾತೆತ್ತಿದರೆ ಮೊದಲು ಕಾಫಿ ಬರುತ್ತದೆ, ಆಮೇಲೆ ಪಹಣಿ ಬರುತ್ತದೆ, ಕೊನೆಗೆ ಅಣ್ಣತಮ್ಮಂದಿರು ಮಾತು ಬಿಡುವ ದಿನ ಬರುತ್ತದೆ. ಆ ಮೂರನೆಯದನ್ನು ತಪ್ಪಿಸುತ್ತೇನೆಂದು ತಮ್ಮನ ಮಗ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಬಂದ. "ದೊಡ್ಡಪ್ಪ, ನೀವು ಸುಮ್ನೆ ಕೂತ್ಕೊಳಿ, ಎಲ್ಲ ಪೈಥಾನ್ ನೋಡ್ಕೊಳ್ಳುತ್ತೆ" ಎಂದ. ತೋಟದಲ್ಲಿ ಹೆಬ್ಬಾವು ಕಂಡವರು ನಾವು. ಜಗಲಿಗೆ ಹತ್ತಿದ್ದು ಇದೇ ಮೊದಲು.

ಆಸ್ತಿ ದೊಡ್ಡದೇನಲ್ಲ. ಮೇಲಿನ ತೋಟ 1 ಎಕರೆ 30 ಗುಂಟೆ, ಹೊಳೆಬದಿಯದು 10 ಗುಂಟೆ. 40 ಗುಂಟೆಗೆ ಒಂದು ಎಕರೆಯಾದ್ದರಿಂದ ಒಟ್ಟು ಎರಡೆಕರೆ. ಬೆರಳು ಮಡಿಸುವ ಅಗತ್ಯವೂ ಇಲ್ಲ. ಹುಡುಗ ಮಾತ್ರ 1.30, 0.10 ಎಂದು ಕುಟ್ಟಿದ. ಯಂತ್ರ ಹೆಚ್ಚುಕಡಿಮೆ 1.4 ಎಂದಿತು. ಅಂದರೆ ಒಂದು ಎಕರೆ 16 ಗುಂಟೆ. ಒಂದೇ ಕೂಡುವ ಲೆಕ್ಕದಲ್ಲಿ 24 ಗುಂಟೆ ಮಾಯ! ಒತ್ತುವರಿ ತೆರವಿಗೆ ಬರುವವರೂ ಇಷ್ಟು ಚುರುಕಲ್ಲ.

ಸರಿ, ಎಲ್ಲ ಗುಂಟೆಗೆ ಇಳಿಸಿ 80 ಎಂದು ಹಾಕಿಸಿದೆವು. ಮೂವರು ಅಣ್ಣತಮ್ಮಂದಿರು, ತಲೆಗೆ 0.33 ಪಾಲು ಎಂದು ಅವನು ಬರೆದ. "ಉಳಿದ 0.01 ಯಾರಿಗೋ?" ಎಂದು ಅಣ್ಣ ಕೇಳಿದ. "ಅದು ರೌಂಡಿಂಗ್ ದೊಡ್ಡಪ್ಪ, ಲೆಕ್ಕಕ್ಕಿಲ್ಲ." ಅಣ್ಣ ಬಿಡುವ ಪೈಕಿಯಲ್ಲ. 80ರಲ್ಲಿ 0.01 ಎಂದರೆ 0.8 ಗುಂಟೆ. ಗುಂಟೆಗೆ 1089 ಚದರಡಿ; ಮರದಿಂದ ಮರಕ್ಕೆ 9 ಅಡಿ ಬಿಟ್ಟರೆ ಮರವೊಂದಕ್ಕೆ 81 ಚದರಡಿ. "ಹತ್ತು ಮರ ಕಣೋ! ನಿನ್ನ ರೌಂಡಿಂಗಿಗೆ ಕೊನೆ ತೆಗೆಸೋದು ಯಾರು?" ಎಂದ.

ಆಗ ಹುಡುಗ ಹಾದಿಗೆ ಬಂದ. ಪೈಥಾನ್ ಎಂಬ ಆ ಕಂಪ್ಯೂಟರ್ ಭಾಷೆಯಲ್ಲಿ ಫ್ರಾಕ್ಷನ್ಸ್ ಎಂಬ ಮಾಡ್ಯೂಲ್ ಇದೆ. 2008ರಲ್ಲಿ ಬಂದ 2.6ನೇ ಆವೃತ್ತಿಯಿಂದಲೂ ಇದೆ. ಅದನ್ನು ಕರೆಸಿಕೊಂಡು ಫ್ರಾಕ್ಷನ್(1, 3) ಎಂದು ಬರೆದರೆ ಅಂಶ ಬೇರೆ, ಛೇದ ಬೇರೆ ಇಟ್ಟುಕೊಳ್ಳುತ್ತದೆ, ದಶಾಂಶದ ಗೊಡವೆಗೇ ಹೋಗುವುದಿಲ್ಲ. ಅಣ್ಣ ತನ್ನ ಪಾಲಿನ ಕಾಲು ಭಾಗ ಮಗಳಿಗೆ ಎಂದಿದ್ದ. ಹಾಗಾಗಿ ಮಗಳಿಗೆ 1/12, ಅವನಿಗೆ 1/4, ನಮ್ಮಿಬ್ಬರಿಗೆ 1/3, 1/3. ಛೇದಗಳನ್ನೆಲ್ಲ 12ಕ್ಕೆ ತಂದು ಕೂಡಿದರೆ ಸರಿಯಾಗಿ 1 ಬಂತು. ಶಾಲೆಯಲ್ಲಿ ಬೆನ್ನಿಗೆ ಗುದ್ದಿಸಿಕೊಂಡು ಕಲಿತ ಲ.ಸಾ.ಅ. ಇದೇ. ಇದನ್ನು ನೃಪತುಂಗನ ಕಾಲದಲ್ಲೇ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದಲ್ಲಿ ನಿರುದ್ಧ ಎಂದು ಕರೆದು ವಿವರಿಸಿದ್ದಾನೆ. ಗ್ರಂಥ ಸಂಸ್ಕೃತದಲ್ಲಿದೆ. ನಮ್ಮ ಮೆಣಸೆಯಲ್ಲೇ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರ ಇರುವುದರಿಂದ ಸಂಶಯವಿದ್ದವರು ನಡೆದೇ ಹೋಗಿ ಓದಿಸಿಕೊಂಡು ಬರಬಹುದು.

ಗೆದ್ದ ಉತ್ಸಾಹದಲ್ಲಿ ಹುಡುಗ ಫ್ರಾಕ್ಷನ್(0.1) ಎಂದು ಹಾಕಿದ. ಹತ್ತರಲ್ಲೊಂದು ಬರಬೇಕಾದಲ್ಲಿ 3602879701896397/36028797018963968 ಎಂದು ಬಂತು. ಹುಡುಗ ಕನ್ನಡಕ ತೆಗೆದು ಒರೆಸಿಕೊಂಡ. ಕಂಪ್ಯೂಟರ್ ಎಲ್ಲವನ್ನೂ ಅರ್ಧ, ಅರ್ಧದ ಅರ್ಧ ಎಂದೇ ಒಡೆಯುವ ಪ್ರಾಣಿ. ಎಷ್ಟು ಸಲ ಅರ್ಧ ಮಾಡಿದರೂ ಹತ್ತರಲ್ಲೊಂದು ಸಿಗುವುದಿಲ್ಲ; ಹತ್ತಿರದ್ದೊಂದನ್ನು ಹಿಡಿದು ಕೂರುತ್ತದೆ. 0.1ಕ್ಕೆ 0.2 ಕೂಡಿದರೆ 0.30000000000000004 ಎನ್ನುವುದೂ ಅದಕ್ಕೇ. ನಾನು "ಒಂದಾಣೆ ಹಾಕು ನೋಡೋಣ" ಎಂದೆ. ಫ್ರಾಕ್ಷನ್(0.0625) ಎಂದು ಹಾಕಿದ. ತಟ್ಟನೆ 1/16 ಬಂತು!

ಅರೆ, ಕಾಲು, ಅರೆಕಾಲು, ವೀಸ: ನಮ್ಮ ಅಜ್ಜಂದಿರ ಭಿನ್ನರಾಶಿಗಳೆಲ್ಲ ಈ ಯಂತ್ರಕ್ಕೆ ಕರತಲಾಮಲಕ. ಎಡವುವುದು 1957ರ ಏಪ್ರಿಲ್ 1ರಂದು ಬಂದ ದಶಮಾಂಶ ಪೈಸೆಯ ಮುಂದೆ. ಹತ್ತು ಪೈಸೆ ಎಂದರೆ ಅದಕ್ಕೆ ಇವತ್ತಿಗೂ ತಲೆಬುಡ ಹತ್ತುವುದಿಲ್ಲ. ದೇಶವೆಲ್ಲ ಆಣೆ ಬಿಟ್ಟ ಮೇಲೂ ಅದನ್ನು ಬಿಡದೆ ಇಟ್ಟುಕೊಂಡವರು ಇಬ್ಬರು: ಗುಂಟೆಗೆ 16 ಆಣೆ ಎನ್ನುವ ನಮ್ಮ ಭೂಮಿ ಲೆಕ್ಕದವರು, ಮತ್ತು ಕಂಪ್ಯೂಟರ್.

ಹಾಗೆಂದು ಸಮಸ್ಯೆ ಪೂರ್ತಿ ತೀರಲಿಲ್ಲ. 80ನ್ನು ಮೂರು ಪಾಲು ಮಾಡಿದರೆ ತಲೆಗೆ 26 ಗುಂಟೆ 10 ಆಣೆ, ಮೇಲೆ ಆಣೆಯ ಮೂರರಲ್ಲಿ ಎರಡು ಪಾಲು. ಪೈಥಾನ್ ಅದನ್ನು ಚಾಚೂ ತಪ್ಪದೆ ತೋರಿಸುತ್ತದೆ, ಬೇಲಿ ಹಾಕಿಕೊಡುವುದಿಲ್ಲ. ಮೂವರ ಚಿಲ್ಲರೆ ಒಟ್ಟು ಎರಡಾಣೆ; ಅಣ್ಣನ ಭಾಷೆಯಲ್ಲಿ ಒಂದೂವರೆ ಮರ. ಅದನ್ನು ಅವನ ಮಗಳಿಗೇ ಬಿಟ್ಟೆವು.

ಪಹಣಿಯನ್ನು ಕಂಪ್ಯೂಟರಿಗೆ ಏರಿಸುವ ಮಕ್ಕಳಿಗೆ ನನ್ನದೊಂದು ವಿನಂತಿ: ಎಕರೆ, ಗುಂಟೆ, ಆಣೆಗೆ ಬೇರೆ ಬೇರೆ ಕಾಲಂ ಮಾಡಿ. ಮೂರನೇ ಒಂದನ್ನು ಮೂರನೇ ಒಂದು ಎಂದೇ ಬರೆಯಿರಿ. ರೌಂಡಿಂಗ್ ಮಾಡಲೇಬೇಕೆಂದಿದ್ದರೆ ಮೊದಲು ದೊಡ್ಡಪ್ಪಂದಿರನ್ನು ಕೇಳಿ.